ಒಂಬತ್ತು ಬೆಳಗಿನ ಭಜನೆ

ಜವಳಗಿರಿ
8-11-1987

ಪ್ರೀತಿಯ ಮಗಳು ಮುನಿಲಕ್ಷ್ಮಿಗೆ, ನಿನ್ನ ಅಪ್ಪ ಚಿನ್ನಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರವೇ ಬಂತು. ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡವನು ಐದು ದಿನ ಹಾಗೇ ಓಡಾಡಿದೆ. ಹೊಲದಲ್ಲಿ ರಾಗಿ ಕೊಯ್ಲು ನಡೆದಿದೆ. ಆಳುಗಳಿಗೆ ಏನು ಹೇಳಿದೆನೋ ಏನು ಬಿಟ್ಟೆನೋ ನನಗೇ ತಿಳಿಯದು. ನಿನ್ನೆ ನಿನ್ನ ಅಮ್ಮ ಅಂಗಿ ಒಗೆಯಲು ತೆಗೆದಾಗ ಕಾಗದ ಕೈಗೆ ಸಿಕ್ಕಿತು. ವಿಷಯ ಹೇಳಿದೆ. "ಇನ್ನೂ ಎಷ್ಟು ವರ್ಸ ಮುಚ್ಚಿಡ್ತೀರ? ಮಗಳು ಕೇಳವ್ಳೆ, ಬರ್ದಾಕಿ" ಎಂದು ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ಹೊರಟುಹೋದಳು. ಅದಕ್ಕೇ ಇವತ್ತು ಕೂತಿದ್ದೇನೆ.

ನೀನು ಬರೆದಿದ್ದೀಯ: ಟ್ರೈನಿಂಗ್ ಶಾಲೆಯಲ್ಲಿ ಡಾಕ್ಟರ ಸರ್ಟಿಫಿಕೇಟು ಕೇಳಿದ್ದಾರೆ, ಫಾರಮ್ಮಿನಲ್ಲಿ ಹೃದಯದ ಕಾಯಿಲೆ ಇದ್ದಿತೇ ಎಂದು ಒಂದು ಸಾಲಿದೆ. ಕೃಷ್ಣಗಿರಿ ಬಸ್ಸಿನಲ್ಲಿ ಸಿಕ್ಕಿದ ನಮ್ಮೂರ ಕಡೆಯ ಹೆಂಗಸೊಬ್ಬಳು, ನಿನ್ನ ಗುಂಡಿಗೆ ಆಪರೇಷನ್ನಿಗೆಂದು ನಿಮ್ಮಪ್ಪನವರು ಊರೂರು ಭಜನೆ ಮಾಡಿದ್ದರು ಅಂದಳು. ಹಾಸ್ಟೆಲಿನ ಸ್ನಾನದ ಮನೆಯಲ್ಲಿ ಕನ್ನಡಿ ಹಿಡಿದು ನೋಡಿಕೊಂಡೆ, ಎದೆಯ ಮೇಲೆ ಒಂದು ಗೀರೂ ಇಲ್ಲ. ಅಪ್ಪಾ, ನನಗೆ ಏನಾಗಿತ್ತು?

ಮೊದಲು ಅದಕ್ಕೆ ಉತ್ತರ ಕೊಡುತ್ತೇನೆ, ಹೆದರಬೇಡ. ನಿನಗೆ ಆಪರೇಷನ್ ಆಗಿಲ್ಲ. ಚಿಕ್ಕಂದಿನಲ್ಲಿ ನಿನ್ನ ಗುಂಡಿಗೆಯಲ್ಲಿ ಒಂದು ಸಣ್ಣ ರಂಧ್ರವಿತ್ತು, ಅದು ತಾನಾಗಿ ಮುಚ್ಚಿಕೊಂಡಿತು. ನಿನ್ನ ಡಾಕ್ಟರಿಗೂ ಹೀಗೇ ಹೇಳು, ಅವರು ಪರೀಕ್ಷೆ ಮಾಡಿ ಬರೆಯಲಿ. ನಿನಗೆ ಏನೂ ತೊಂದರೆಯಿಲ್ಲ. ಇಷ್ಟೇ ಆಗಿದ್ದರೆ ಒಂದು ಕಾರ್ಡು ಸಾಕಾಗುತ್ತಿತ್ತು, ಬಂದ ದಿನವೇ ಅಂಚೆಗೆ ಹಾಕುತ್ತಿದ್ದೆ. ಆದರೆ ನೀನು ಭಜನೆಯ ಮಾತು ಎತ್ತಿದ್ದೀಯ.

ನಿನಗೆ ಐದು ವರ್ಷ. ನಾಲ್ಕು ಹೆಜ್ಜೆ ಓಡಿದರೆ ಕೂತುಬಿಡುತ್ತಿದ್ದೆ. ಮುಖ ಸುಣ್ಣದ ಗೋಡೆಯ ಹಾಗೆ ಬಿಳುಪು. ಆ ವರ್ಷ, ಎಪ್ಪತ್ತೊಂದರಲ್ಲಿ, ದೀಪಾವಳಿ ಕಳೆದ ಮೇಲೆ ತಳಿ ಊರಿನಲ್ಲಿ ಒಂದು ದಿನ ಡಾಕ್ಟರರು ಬಂದು ಮಕ್ಕಳನ್ನು ನೋಡಿದರು. ನಿನ್ನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದವರು, ಗುಂಡಿಗೆಯಲ್ಲಿ ರಂಧ್ರ ಇದೆ, ಬೆಂಗಳೂರಿಗೆ ಕರೆದುಕೊಂಡು ಹೋಗಿ, ಆಪರೇಷನ್ ಆಗಬೇಕಾಗಬಹುದು ಎಂದು ಚೀಟಿ ಬರೆದರು. 'ಬಹುದು' ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಚೀಟಿ ಹಿಡಿದು ಬೆಂಗಳೂರಿಗೆ ಹೋದೆ. ಅಲ್ಲಿ ಪರೀಕ್ಷೆಗೆ ಒಂದು ತಿಂಗಳು ಮುಂದಿನ ತಾರೀಕು ಕೊಟ್ಟರು. ಆಪರೇಷನ್ ಆದರೆ ಎಷ್ಟಾಗುತ್ತದೆ ಎಂದು ಕೇಳಿದೆ. ಗುಮಾಸ್ತ ಹೇಳಿದ ಮೊತ್ತ ಕೇಳಿ, ನಮ್ಮ ಎರಡು ಎಕರೆ ಮಾರಿದರೂ ಸಾಲದು ಎಂದು ಅಲ್ಲೇ ತಿಳಿಯಿತು.

ನಮ್ಮ ಭಜನೆ ಮಂಡಳಿ ನಿನಗೆ ನೆನಪಿರಲಿಕ್ಕಿಲ್ಲ. ಎಂಟು ಜನ ಗಂಡಸರು. ಧನುರ್ಮಾಸ ಬಂತೆಂದರೆ ಬೆಳಗಿನ ಚಳಿಯಲ್ಲಿ ಊರ ಬೀದಿ ಸುತ್ತಿ ಹಾಡಿ, ಗುಡಿ ಮುಂದೆ ಹುಗ್ಗಿ ತಿಂದು ಹೊಲಕ್ಕೆ ಹೋಗುವವರು. ಮುಂದಾಳು ಆವುಲಪ್ಪ. ಬಾವಿ ತೋಡುವುದು ಅವನ ಕೆಲಸ. ತಳದಲ್ಲಿ ನಿಂತು ಕೂಗಿದ್ದು ಮೇಲಿನವರಿಗೆ ಕೇಳಬೇಕಲ್ಲ, ಹಾಗೆ ಬೆಳೆದ ಗಂಟಲು. ಅವನು ಒಂದು ಸಾಲು ಎತ್ತಿಕೊಟ್ಟರೆ ನಾವು ಏಳು ಜನ ಹಿಂದಿನಿಂದ ಹಿಡಿಯುತ್ತಿದ್ದೆವು. ದರ್ಜಿ ದೊಡ್ಡಣ್ಣನದು ಹಾರ್ಮೋನಿಯಂ. ನನ್ನದು ತಾಳ. ಒಬ್ಬನೇ ಹಾಡುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಏಳು ದನಿಗಳ ನಡುವೆ ನನ್ನ ದನಿ ಸೇರಿಹೋದಾಗ ಮಾತ್ರ ನಾನೂ ಹಾಡಬಲ್ಲೆ ಅನ್ನಿಸುತ್ತಿತ್ತು.

ಬೆಂಗಳೂರಿನಿಂದ ಬಂದ ದಿನ ಆವುಲಪ್ಪ ಮನೆಗೆ ಬಂದ. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಈ ಸಲ ನಮ್ಮೂರು ಒಂದೇ ಅಲ್ಲ ಕಣ್ಲಾ, ದಿನಕ್ಕೊಂದೂರು ಹೋಗಾನ. ಸುತ್ತಾ ಎಷ್ಟು ಊರೈತೋ ಅಷ್ಟೂ ಊರು. ಮಗೀಗೋಸ್ಕರ ಹಾಡ್ತೀವಿ ಅಂದ್ರೆ ಯಾರು ಬ್ಯಾಡ ಅಂತಾರೆ?" ಅಂದ. ನಾನು ತಲೆ ಅಲ್ಲಾಡಿಸಿದೆ. ಬೇಡ ಅನ್ನಬೇಕು ಅನ್ನಿಸಿತ್ತು, ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಧನುರ್ಮಾಸದ ಮೊದಲ ದಿನ ಹೀಗೆ ಶುರುವಾಯಿತು. ಕತ್ತಲು ಹರಿಯುವ ಹೊತ್ತಿಗೆ ಕಾಡುದಾರಿ ಹಿಡಿದು ನಡೆಯುತ್ತಿದ್ದೆವು. ಆನೆ ಇದ್ದರೆ ಸರಿದುಹೋಗಲಿ ಎಂದು ದಾರಿಯುದ್ದಕ್ಕೂ ಗಟ್ಟಿಯಾಗಿ ಹಾಡುತ್ತಿದ್ದೆವು. ಕನ್ನಡದವರ ಊರಲ್ಲಿ ಕನ್ನಡದ ಪದ, ತೆಲುಗರ ಬೀದಿಯಲ್ಲಿ ತೆಲುಗಿನದು. ಹಾಡು ಮುಗಿದ ಮೇಲೆ ಆವುಲಪ್ಪ ಹೆಗಲ ಮೇಲಿನ ಪಂಚೆ ಹಾಸಿ, "ನಮ್ಮ ಚಿನ್ನಪ್ಪನ ಮಗೀಗೆ ಗುಂಡಿಗೇಲಿ ತೂತು ಬಿದ್ದೈತೆ, ತಾಯಂದಿರೇ" ಎನ್ನುತ್ತಿದ್ದ. ಜನ ನನ್ನ ಕಡೆ ನೋಡುತ್ತಿದ್ದರು. ನಾನು ತಾಳ ನೋಡುತ್ತಿದ್ದೆ. ಮೊರದಲ್ಲಿ ರಾಗಿ, ಅವರೆಕಾಯಿ, ಕಾಸು, ಏನು ಇದ್ದರೆ ಅದು ಕೊಡುತ್ತಿದ್ದರು. ಕಾಳುಕಡ್ಡಿಯನ್ನು ತಳಿ ಸಂತೆಯಲ್ಲಿ ಮಾರಿ ಹಣ ಮಾಡುತ್ತಿದ್ದೆವು. ಹಾಡು ಚೆನ್ನಾಗಿ ಬಂದ ದಿನ ಹೆಚ್ಚು ಬೀಳುತ್ತಿತ್ತು. ನನ್ನ ಮಗಳ ಉಸಿರು ಈ ಎಂಟು ಗಂಟಲುಗಳ ಮೇಲೆ ನಿಂತಿದೆಯಲ್ಲಾ ಎಂದು, ಯಾರಾದರೂ ಕೆಮ್ಮಿದರೂ ಓಡಿಹೋಗಿ ಬಿಸಿನೀರು ತಂದುಕೊಡುತ್ತಿದ್ದೆ.

ಹನ್ನೆರಡನೆಯ ದಿನವೋ ಏನೋ, ಒಂದು ಊರಿನ ದೊಡ್ಡ ಮನೆಯವರು ಜಗಲಿಯ ಮೇಲೆ ನಿಂತು ನಕ್ಕರು. "ಮಗೀನ ಹೆಸರೇಳಿ ಎಂಟು ಹೊಟ್ಟೆ ತುಂಬಿಸ್ಕಂತವ್ರೆ" ಅಂದರು. ಆವುಲಪ್ಪ ಪಂಚೆ ಎತ್ತಿಕೊಂಡು, ಆ ಊರಿನ ಗುಡಿಯ ಕಡೆ ತಿರುಗಿ ಕೈ ಮುಗಿದ. "ಈ ಮಗೀನ ಗುಂಡಿಗೆಗಲ್ದೆ ಬೇರೆದಕ್ಕೆ ಒಂದು ಕಾಸು ಹೋದ್ರೂ, ಸ್ವಾಮಿ ಆಣೆಗೂ ನಾನಿನ್ನು ಬಾಯ್ ಬಿಟ್ಟು ಹಾಡಾಕಿಲ್ಲ." ಎರಡು ದಿನ ಕಳೆದರೆ ನಿನ್ನ ಪರೀಕ್ಷೆಯ ತಾರೀಕು.

ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ನಾಟ್ರಾಂಪಾಳ್ಯದ ಪಾಪಯ್ಯ ಕೂತಿದ್ದ. ಅವನ ಮಗಳು ಮಾದೇವಿ ನಿನಗಿಂತ ಒಂದು ವರ್ಷ ದೊಡ್ಡವಳು. ತುಟಿ, ಉಗುರು ನೇರಳೆಹಣ್ಣು ತಿಂದವರ ಹಾಗೆ. ಎರಡು ಹೆಜ್ಜೆ ಇಟ್ಟರೆ ಕುಕ್ಕರಗಾಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ನಿನ್ನ ಅಮ್ಮ ಬುತ್ತಿ ಬಿಚ್ಚಿದಾಗ ನೀನು ನಿನ್ನ ರೊಟ್ಟಿಯಲ್ಲಿ ಅವಳಿಗೆ ಮುರಿದುಕೊಟ್ಟೆ. ನಿನಗೆ ನೆನಪಿಲ್ಲ, ನನಗಿದೆ.

ಒಳಗೆ ನಿನ್ನ ಎದೆಯ ಫೋಟೋ ತೆಗೆದರು, ತಂತಿ ಹಚ್ಚಿ ನೋಡಿದರು. ಕೊನೆಗೆ ದೊಡ್ಡ ಡಾಕ್ಟರು ನಕ್ಕು ಹೇಳಿದರು: ರಂಧ್ರ ಮುಚ್ಚಿಕೊಂಡಿದೆ, ಸಣ್ಣದಿದ್ದರೆ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಇವಳಿಗೆ ಇರುವುದು ಹೊಟ್ಟೆಹುಳು, ಮೈಯಲ್ಲಿ ರಕ್ತ ಕಡಿಮೆ, ಅದಕ್ಕೇ ಏದುಸಿರು. ಮಾತ್ರೆ ಕೊಡುತ್ತೇನೆ, ಸೊಪ್ಪು ತಿನ್ನಿಸಿ, ಮನೆಗೆ ಕರೆದುಕೊಂಡು ಹೋಗಿ. ನಿನ್ನ ಅಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಹೊರಗೆ ಬಂದರೆ ಪಾಪಯ್ಯ ಎದುರಾದ. ಅವನಿಗೂ ಹೇಳಿಯಾಗಿತ್ತು: ಆಪರೇಷನ್ ಬೇಗ ಆಗಬೇಕು, ತಡ ಮಾಡಬೇಡಿ. "ಬೇಗ ಅಂದ್ರೆ ಎಲ್ಲಿಂದ ತರ್ಲಿ ಅಣ್ಣಾ?" ಅಂದ. ಆಮೇಲೆ ಕೇಳಿದ, "ನಿಮ್ಗೇನಂದ್ರು?"

ಅವನ ಮುಖ ನೋಡಿಕೊಂಡು ನನ್ನ ಮಗಳಿಗೆ ಏನೂ ಇಲ್ಲವಂತೆ ಎಂದು ಹೇಳಲು ನಾಲಗೆ ಹೊರಳಲಿಲ್ಲ. "ನಮಗೂ ಆಪರೇಷನ್ನೇ ಅಂದ್ರು" ಅಂದುಬಿಟ್ಟೆ. ಅವನಿಗೆ ನೋವಾಗದಿರಲಿ ಎಂದು ಹೇಳಿದ ಸುಳ್ಳು ಅದು. ಆದರೆ ಆ ಸುಳ್ಳು ಬಸ್ಸು ಹತ್ತಿ ನನ್ನ ಜೊತೆಗೇ ಊರಿಗೆ ಬಂತು.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹದಿನಾಲ್ಕು ಊರು ಹಾಡಿದ್ದೇವೆ. ಕಾಯಿಲೆಯೇ ಇಲ್ಲ ಎಂದರೆ ಜನ ಏನನ್ನುತ್ತಾರೆ? ಆ ದೊಡ್ಡ ಮನೆಯವರು ಏನನ್ನುತ್ತಾರೆ? ಆವುಲಪ್ಪನ ಆಣೆ ಏನಾಗುತ್ತದೆ? ನೀನು ಅಮ್ಮನ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದೆ. ಜಗತ್ತಿನಲ್ಲಿ ಯಾವ ತಂದೆಗೂ ಸಿಗದ ಸುದ್ದಿ ಸಿಕ್ಕಿತ್ತು, ನಾನು ಬೆವರುತ್ತಿದ್ದೆ. ಬಸ್ಸಿಳಿದರೆ ಆವುಲಪ್ಪ ಅರಳಿಕಟ್ಟೆಯ ಹತ್ತಿರ ಕಾಯುತ್ತಿದ್ದ.

"ಏನಂದ್ರಲಾ? ಯಾವಾಗಂತೆ?"

"ಸಂಕ್ರಾಂತಿ ಆದ್ಮೇಲೆ ಅಂದ್ರು."

ನಿನ್ನ ಅಮ್ಮ ನನ್ನನ್ನೇ ನೋಡಿದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು, "ಇದೇನು ಮಾಡಿದ್ರಿ?" ಅಂದಳು. ನಾಳೆ ಹೇಳುತ್ತೇನೆ ಎಂದೆ. ಮರುದಿನವೂ ಹಾಗೇ ಅಂದೆ, ಅದರ ಮರುದಿನವೂ.

ಲಕ್ಷ್ಮೀ, ಆ ಒಂಬತ್ತು ಬೆಳಗುಗಳನ್ನು ಹೇಗೆ ಬರೆಯಲಿ? ಮಾತ್ರೆ ಶುರುವಾದ ಮೂರನೇ ದಿನಕ್ಕೇ ನೀನು ಗೆಲುವಾಗತೊಡಗಿದೆ. ಯಾರಾದರೂ ನೋಡಿಯಾರು ಎಂದು ನಿನ್ನನ್ನು ಬೀದಿಗೆ ಬಿಡದೆ ಒಳಗೇ ಕೂರಿಸುತ್ತಿದ್ದೆ. ಮಗಳು ಓಡಿದರೆ ಸಂತೋಷಪಡಬೇಕಾದ ಅಪ್ಪ, "ಓಡಬ್ಯಾಡ, ಕೂತ್ಕೋ" ಎಂದು ಗದರುತ್ತಿದ್ದೆ. ಬೆಳಗಾದರೆ ತಾಳ ಹಿಡಿದು ಆವುಲಪ್ಪನ ಹಿಂದೆ ನಡೆಯುತ್ತಿದ್ದೆ. ಅವನು ನಿನ್ನ ಹೆಸರು ಹೇಳಿ ಪಂಚೆ ಹಾಸುತ್ತಾನಲ್ಲ ಎಂದು ನೆನೆದು ಹಾಡಿನ ನಡುವೆಯೇ ತಾಳ ತಪ್ಪುತ್ತಿತ್ತು. ದೊಡ್ಡಣ್ಣ ಒಮ್ಮೆ ತಿರುಗಿ, "ಚಿಂತೆ ಮಾಡ್ಬ್ಯಾಡ ಚಿನ್ನಪ್ಪ, ಸೇರ್ತದೆ" ಅಂದ. ಹಣ ಸೇರುತ್ತದೆ ಎಂದು ಅವನ ಅರ್ಥ. ನಾಟ್ರಾಂಪಾಳ್ಯದ ಆ ಮಗು ಎಷ್ಟೋ ಸಲ ಕಣ್ಣಿಗೆ ಕಟ್ಟುತ್ತಿತ್ತು. ಇಷ್ಟು ಹಣ ನಮ್ಮಲ್ಲಿದೆ, ಅವರಿಗೆ ಕೊಡಬಹುದಲ್ಲ ಎಂದು ಹೊಳೆಯದೆ ಇರಲಿಲ್ಲ. ಹೊಳೆದಿತ್ತು. ಆದರೆ ಕೊಡಬೇಕಾದರೆ ಮೊದಲು ನಿಜ ಹೇಳಬೇಕಿತ್ತು.

ಒಂಬತ್ತನೆಯ ಬೆಳಿಗ್ಗೆ ಕಾಡಂಚಿನ ಒಂದು ಹಟ್ಟಿಯಲ್ಲಿ ಹಾಡಿದೆವು. ಹತ್ತು ಮನೆ ಇರಬಹುದು. ಹಾಡು ಮುಗಿಯುವಾಗ ನಾರಾಯಣಮ್ಮ ಎಂಬ ಮುದುಕಿ ಬಾಗಿಲಿಗೆ ಬಂದಳು. ಒಂಟಿ ಹೆಂಗಸು. ಮುಂಗೈಯಿಂದ ಬೆಳ್ಳಿ ಕಡಗ ಎಳೆದೆಳೆದು ತೆಗೆದು ಪಂಚೆಯ ಮೇಲೆ ಇಟ್ಟಳು. ಚರ್ಮ ತರಚಿ ಕೆಂಪಗಾಗಿತ್ತು. "ನನ್ನ ಮಗ್ಳೂ ಹಿಂಗೇ ಉಸ್ರು ಕಟ್ಟಿ ಹೋಗ್ಬುಟ್ಳು. ಆವಾಗ ಯಾರೂ ಹಾಡ್ಲಿಲ್ಲ" ಅಂದಳು.

ತಾಳ ಕೆಳಗಿಟ್ಟೆ. ನಾನು ಹೇಳಿದೆ. ಎಲ್ಲರೆದುರೂ, ಅಲ್ಲೇ, ಒಂದೇ ಉಸಿರಿಗೆ. ನನ್ನ ಮಗಳಿಗೆ ಏನೂ ಇಲ್ಲ, ಆಪರೇಷನ್ ಬೇಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ನಾನು ಮುಚ್ಚಿಟ್ಟೆ.

"ಯಾವತ್ತು ಗೊತ್ತಾಗಿದ್ದು?" ಆವುಲಪ್ಪ ಕೇಳಿದ.

"ಒಂಬತ್ತು ದಿನ ಆಯ್ತು."

ದೊಡ್ಡಣ್ಣ ಹಾರ್ಮೋನಿಯಂ ತಲೆಯ ಮೇಲೆ ಹೊತ್ತು ಊರಿನ ಕಡೆ ಹೊರಟ. ನಾರಾಯಣಮ್ಮ ಬಗ್ಗಿ, "ಹಂಗಾದ್ರೆ ನಂದು ನಂಗೆ ಕೊಡು" ಎಂದು ಕಡಗ ಎತ್ತಿಕೊಂಡಳು. ತೆಗೆದುಕೊಳ್ಳುವುದೇ ಸರಿ. ನಾನು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ಒಮ್ಮೆ ಬಿಚ್ಚಿಕೊಂಡಿತ್ತು, ಪಾಪಯ್ಯನ ಮಗಳ ವಿಷಯವನ್ನೂ ಹೇಳಿದೆ. ನೀಲಿ ತುಟಿ, ಕುಕ್ಕರಗಾಲು, ತಡ ಮಾಡಬೇಡಿ ಎಂಬ ಮಾತು, ಎಲ್ಲವನ್ನೂ. ಮುದುಕಿ ಕಡಗ ಹಿಡಿದುಕೊಂಡೇ ಕೇಳಿದಳು. ಆಮೇಲೆ ಅದನ್ನು ಮತ್ತೆ ಪಂಚೆಯ ಮೇಲೆ ಹಾಕಿ, "ಇಲ್ಯಾಕೆ ನಿಂತಿದ್ದೀರ? ನಡೀರಿ" ಅಂದಳು.

ಆವುಲಪ್ಪ ಆಣೆ ಇಟ್ಟಿದ್ದ. ಬೇರೆ ಮಗುವಿಗೆ ಕೊಡಬೇಕಾದರೆ ಕೊಟ್ಟ ಊರುಗಳನ್ನೆಲ್ಲ ಮೊದಲು ಕೇಳಬೇಕು ಎಂದು ಮಂಡಳಿಯವರೊಬ್ಬರು ಅಂದರು. ಆವುಲಪ್ಪ ತಲೆಯಾಡಿಸಿದ. "ಊರೋರ್ನ ಆಮ್ಯಾಕೆ ಕೇಳಾನ. ಬಯ್ದ್ರೆ ಬಯ್ಲಿ. ಈಗ್ಲೇ ಒಂಬತ್ತು ದಿನ ಆಗೋಗೈತೆ." ತನ್ನ ಆಣೆಯ ಮಾತನ್ನು ಅವನು ಎತ್ತಲೇ ಇಲ್ಲ.

ಕೂಡಿಟ್ಟ ಹಣ ಕಟ್ಟಿಕೊಂಡು ಅವನೂ ನಾನೂ ಅವತ್ತೇ ಹೊರಟೆವು. ಡೆಂಕಣಿಕೋಟೆ, ಅಂಚೆಟ್ಟಿ, ಅಲ್ಲಿಂದ ಮುಂದೆ ಬಸ್ಸಿಲ್ಲದೆ ಕಾಡಿನಲ್ಲಿ ನಡಿಗೆ. ಆವುಲಪ್ಪ ಮುಂದೆ, ನಾನು ಹಿಂದೆ. ಅವನು ಬಯ್ದಿದ್ದರೆ ಚೆನ್ನಾಗಿತ್ತು. ಎದುರಿಗೆ ಬಂದವರನ್ನೆಲ್ಲ ಪಾಪಯ್ಯನ ಮಗಳು ಹೇಗಿದ್ದಾಳೆ ಎಂದು ಕೇಳಬೇಕು ಅನ್ನಿಸುತ್ತಿತ್ತು, ಕೇಳಲು ಭಯ. ಬಿಸಿಲು ಇಳಿಯುವ ಹೊತ್ತಿಗೆ ಊರು ಸಿಕ್ಕಿತು. ಪಾಪಯ್ಯ ಮನೆ ಮುಂದೆ ಸೌದೆ ಒಡೆಯುತ್ತಿದ್ದ. ಅವನ ಹಿಂದೆ, ಬಾಗಿಲ ಹತ್ತಿರ, ಕಂಬಳಿ ಹೊದ್ದು ಮಾದೇವಿ ಕೂತಿದ್ದಳು. ಬದುಕಿದ್ದಳು.

ಅವನಿಗೂ ಸುಳ್ಳು ಹೇಳಿದ್ದೆನಲ್ಲ, ಒಪ್ಪಿಕೊಂಡೆ. ಅವನು ಕೊಡಲಿ ಹಿಡಿದೇ ಕೇಳಿಸಿಕೊಂಡ. "ನಿಮ್ ಮಗೀಗೆ ಏನೂ ಇಲ್ವಾ?" ಅಂದ. ಇಲ್ಲ ಅಂದೆ. "ಒಳ್ಳೇದಾಯ್ತಲ್ಲಣ್ಣ" ಅಂದ. ಅದರಲ್ಲಿ ಒಂದು ಚೂರೂ ಹುಳಿ ಇರಲಿಲ್ಲ. ಇದ್ದಿದ್ದರೆ ಇವತ್ತು ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಆ ಹಣ ಆಸ್ಪತ್ರೆಗೆ ಕಟ್ಟಿದೆವು, ಸಂಕ್ರಾಂತಿ ಕಳೆದ ಆರನೇ ದಿನಕ್ಕೆ ಆಪರೇಷನ್ ಇಟ್ಟರು. ರಕ್ತ ಬೇಕೆಂದರು. ಆವುಲಪ್ಪ ಮಂಡಳಿಗೆ ಹೇಳಿಕಳಿಸಿದ. ನನ್ನ ಜೊತೆ ಮಾತು ಬಿಟ್ಟಿದ್ದ ದೊಡ್ಡಣ್ಣನೂ ಸೇರಿ ಎಲ್ಲರೂ ಬೆಂಗಳೂರಿಗೆ ಬಂದು ತೋಳು ಚಾಚಿದರು. ಯಾರ ರಕ್ತ ಹೊಂದಿತೋ ಅವರದು ತೆಗೆದುಕೊಂಡರು. ನನ್ನದು ಹೊಂದಲಿಲ್ಲ. ಎರಡು ದಿನ ಮಗು ಕಣ್ಣು ಬಿಟ್ಟು ನೋಡಿತು. ಉಗುರಿನ ನೀಲಿ ಕಡಿಮೆಯಾಗಿದೆ ಎಂದು ಪಾಪಯ್ಯ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಕಿಟಕಿಯಿಂದ ತೋರಿಸಿದ. ಮೂರನೇ ದಿನ ಮಧ್ಯಾಹ್ನ ಮಾದೇವಿ ತೀರಿಕೊಂಡಳು.

ಡಾಕ್ಟರು ಹೊರಗೆ ಬಂದು, ಬಹಳ ಸೋತಿತ್ತು ಮಗು, ಸ್ವಲ್ಪ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದರು. ನಾನು ಅವರ ಹಿಂದೆ ಓಡಿದೆ. "ಸಾರ್, ಒಂಬತ್ತು ದಿನ ಮುಂಚೆ ತಂದಿದ್ರೆ?" ಎಂದೆ. ಅವರು ನಿಂತು, "ಯಾವ ಒಂಬತ್ತು ದಿನ?" ಎಂದು ಕೇಳಿದರು. ಅವರಿಗೆ ಬೇರೆ ಕೆಲಸವಿತ್ತು, ಹೋದರು.

ಮಗುವನ್ನು ಅಲ್ಲೇ, ಬೆಂಗಳೂರಿನ ಒಂದು ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಪಾಪಯ್ಯ ಆವುಲಪ್ಪನ ಕಡೆ ತಿರುಗಿ, "ಸ್ವಾಮೀ, ನೀವು ಹಾಡ್ತೀರಂತಲ್ಲ, ನನ್ನ ಮಗೀಗೆ ಒಂದು ಪದ ಹೇಳಿ" ಅಂದ. ಆವುಲಪ್ಪ ನೆಲ ನೋಡಿದ. ಆಣೆ ಇತ್ತಲ್ಲ. ಆಮೇಲೆ ತಲೆಯೆತ್ತಿ ಹಾಡಿದ. ತಾಳವಿಲ್ಲ, ಹಾರ್ಮೋನಿಯಂ ಇಲ್ಲ, ಬರೀ ಗಂಟಲು. ನಾವು ಏಳು ಜನ ಹಿಂದಿನಿಂದ ಹಿಡಿದೆವು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಆವುಲಪ್ಪ ಹಾಡಿದ್ದು ಅದೇ ಕಡೇ ಸಲ. ಊರಿಗೆ ಬಂದು ಮುಂದಾಳಾಗಿ ದೊಡ್ಡಣ್ಣನನ್ನು ನಿಲ್ಲಿಸಿದ. ಯಾರು ಎಷ್ಟು ಹೇಳಿದರೂ "ಗಂಟ್ಲು ಕೆಟ್ಟೋಗೈತೆ ಕಣ್ರಪ್ಪ" ಎಂದು ನಕ್ಕು ಸುಮ್ಮನಾಗುತ್ತಿದ್ದ. ಹೋದ ವರ್ಷ ಅವನು ಸಾಯುವಾಗಲೂ ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ.

ಊರುಗಳಿಗೆಲ್ಲ ನಾನೇ ಮತ್ತೆ ಹೋದೆ. ಈ ಸಲ ಒಬ್ಬನೇ. ಮನೆಮನೆಯ ಮುಂದೆ ನಿಂತು ನಡೆದದ್ದು ಹೇಳಿದೆ. ಕೆಲವರು ಉಗಿದರು. ಕೆಲವರು ನೀರು ಕೊಟ್ಟು ಕೂರಿಸಿದರು. ಹಣ ವಾಪಸು ಕೇಳಿದವರಿಗೆ ಎರಡು ಸುಗ್ಗಿಯಲ್ಲಿ ನಮ್ಮ ರಾಗಿ ಅಳೆದುಕೊಟ್ಟೆ.

ಇದನ್ನು ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಬೇರೆ ಮಗುವಿನ ಪಾಲು ತಿಂದು ಬೆಳೆದೆ ಎಂದು ನೀನು ಅಂದುಕೊಂಡರೆ ಎಂಬ ಭಯ. ಹಾಗೆ ಅಂದುಕೊಳ್ಳಬೇಡ. ನಿನ್ನದು ಯಾವ ತಪ್ಪೂ ಇಲ್ಲ. ನೀನು ರೊಟ್ಟಿ ಮುರಿದುಕೊಟ್ಟವಳು. ಆ ಒಂಬತ್ತು ದಿನ ನನ್ನವು.

ಇನ್ನೊಂದು ಮಾತಿದೆ. ಸ್ಮಶಾನದಿಂದ ಬರುವಾಗ ಪಾಪಯ್ಯ, "ನಿಮ್ ಮಗೀನ ಚೆನ್ನಾಗಿ ನೋಡ್ಕಳಿ ಅಣ್ಣಾ" ಅಂದಿದ್ದ. ಅದಾದ ಮೇಲೆ ನಾನು ಅವನ ಊರ ಕಡೆ ಕಾಲಿಟ್ಟಿಲ್ಲ. ಅಂಚೆಟ್ಟಿಯಲ್ಲಿ ಸಂಬಂಧಿಕರ ಮದುವೆಯಾದರೂ ನೆಪ ಹೇಳಿ ತಪ್ಪಿಸಿಕೊಂಡೆ. ಹೋದ ವಾರ ಅವನಿಂದ ಲಗ್ನಪತ್ರಿಕೆ ಬಂದಿದೆ. ಆಗ ಎದೆಹಾಲು ಕುಡಿಯುತ್ತಿದ್ದ ಅವನ ಚಿಕ್ಕ ಮಗಳಿಗೆ ಮದುವೆ, ಇದೇ ತಿಂಗಳು ಇಪ್ಪತ್ತೆರಡು, ಭಾನುವಾರ. ಪತ್ರಿಕೆ ಇಲ್ಲೇ ತಮಿಳುನಾಡಿನ ಅಚ್ಚುಮನೆಯದು, ತಮಿಳಿನಲ್ಲಿದೆ. ಹಿಂದುಗಡೆ ಯಾರ ಕೈಯಲ್ಲೋ ಕನ್ನಡದಲ್ಲಿ ಬರೆಸಿದ್ದಾನೆ: "ಮಗಳನ್ನೂ ಕರೆದುಕೊಂಡು ಬನ್ನಿ, ನೋಡಬೇಕು."

ನಿನ್ನನ್ನು ಅವನ ಮುಂದೆ ಹೇಗೆ ನಿಲ್ಲಿಸಲಿ? ಇಷ್ಟೆತ್ತರ ಬೆಳೆದಿದ್ದೀಯ. ಅವನು ನಿನ್ನನ್ನು ನೋಡುವಾಗ ನಾನು ಎಲ್ಲಿ ನೋಡಲಿ? ಬೇಡವೆಂದು ನಾಲ್ಕು ಸಲ ತೀರ್ಮಾನ ಮಾಡಿದೆ. ಆದರೆ ಹೇಳಬೇಕಾದ್ದನ್ನು ಮುಂದೂಡಿದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲ ತಿಳಿದ ಮೇಲೆ ಬರುವುದೂ ಬಿಡುವುದೂ ನಿನ್ನ ಮನಸ್ಸು. ಬಾರದಿದ್ದರೆ ಒಂದಿಷ್ಟೂ ಬೇಸರವಿಲ್ಲ. ಇಪ್ಪತ್ತೊಂದನೇ ತಾರೀಕು ಶನಿವಾರ ಮಧ್ಯಾಹ್ನ ಡೆಂಕಣಿಕೋಟೆ ಬಸ್ ಸ್ಟ್ಯಾಂಡಿನಲ್ಲಿ, ಅಂಚೆಟ್ಟಿ ಬಸ್ಸು ನಿಲ್ಲುವ ಕಡೆ ಇರುತ್ತೇನೆ. ಎರಡರ ಬಸ್ಸು ಬಿಟ್ಟು ಮೂರರ ಬಸ್ಸಿನ ತನಕ ನಿನ್ನ ದಾರಿ ನೋಡುತ್ತೇನೆ. ಆಮೇಲೆ ನಾನೊಬ್ಬನೇ ಆದರೂ ಹತ್ತುತ್ತೇನೆ.

ನಿನ್ನ ಉಸಿರು ನೂರು ವರ್ಷ ಸಲೀಸಾಗಿ ಆಡಲಿ, ತಾಯಿ. ನೀನು ಪಾಠ ಹೇಳುವ ಮಕ್ಕಳೆಲ್ಲ ಓಡಿ ಆಡಿ ಬೆಳೆಯಲಿ.

ನಿನ್ನ ದಾರಿ ಕಾಯುವ,
ಅಪ್ಪ
ಚಿನ್ನಪ್ಪ